ವಕೀಲರ ಮೋಟಾರಿನ ಅಂಗಾನ್ವೇಷಣೆ

ಹಳೆಯದೊಂದು ವಸ್ತುವನ್ನು ಮತ್ತೆ ನಡೆಯುವಂತೆ ಮಾಡುವೆನೆಂದು ಯಾರಾದರೂ ಸಂಕಲ್ಪಿಸಿದರೆ, ಅವರಿಗೆ ಸುಖವಿಲ್ಲದಿದ್ದರೂ ನೆರೆಹೊರೆಯವರಿಗೆ ನಗೆಯ ಕೊರತೆಯಾಗುವುದಿಲ್ಲ. ಇಂಥ ಪ್ರಸಂಗಗಳು ಎಲ್ಲ ಊರುಗಳಲ್ಲಿಯೂ ನಡೆಯುತ್ತಲೇ ಇರುತ್ತವೆ. ನಾನು ಕಂಡವು ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಣ ಓಣಿಯಲ್ಲಿ, ಮಹಾಯುದ್ಧವು ನಡೆಯುತ್ತಿದ್ದ ಕಾಲದಲ್ಲಿ, ನನ್ನ ನೆರೆಮನೆಯ ವಕೀಲರ ನಿಮಿತ್ತವಾಗಿ ನಡೆದವು.

ನಾನು ಆಗ ಹೈಸ್ಕೂಲಿನಲ್ಲಿ ಹಳಗನ್ನಡದ ಪಾಠ ಹೇಳುತ್ತಿದ್ದೆ. ತಾಳೆಯೋಲೆಯ ಕಟ್ಟಿನಲ್ಲಿ ಒಂದು ಗರಿ ಕಳೆದುಹೋಗಿದ್ದರೆ ಅದನ್ನು ಹುಡುಕಿಕೊಂಡು ಊರೂರು ಅಲೆಯುವ ಚಪಲ ನನಗಿದ್ದಿತು. ವಕೀಲರು ಕಳೆದುಹೋದ ಎಂಜಿನ್ನಿನ ಗರಿಗಳನ್ನು ಹುಡುಕುತ್ತಿದ್ದರು. ಈ ಸಾಮ್ಯದಿಂದಾಗಿ, ಮೋಟಾರಿನ ವಿಷಯದಲ್ಲಿ ಅದರ ಗಾಲಿಗಳು ದುಂಡಗಿರುತ್ತವೆಂಬುದಕ್ಕಿಂತ ಹೆಚ್ಚೇನನ್ನೂ ಅರಿಯದ ನಾನು ಅವರ ಬೆನ್ನುಹತ್ತಿದೆ.

ಆ ಮೋಟಾರು ಅವರ ತಂದೆಯವರು ಹಿಂದಿನ ಯುದ್ಧಕ್ಕೂ ಮೊದಲು ಕೊಂಡದ್ದು. ವಕೀಲರು ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಅದರಲ್ಲಿ ಕುಳ್ಳಿರಿಸಿಕೊಂಡು ಆಕೆಯ ತವರಾದ ಬಬಲೇಶ್ವರಕ್ಕೆ ಹೊರಟರು. ಗಾಡಿಯು ಆ ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ನಿಂತುಬಿಟ್ಟಿತು. ಆಕೆಯ ಅಣ್ಣನು ಹೊಲದಿಂದ ಎತ್ತುಗಳನ್ನು ತರಿಸಿ, ಗಾಡಿಗೆ ಕಟ್ಟಿ, ನವವಧುವನ್ನು ಊರೆಲ್ಲ ನೋಡುತ್ತಿರುವಂತೆ ಮನೆಯವರೆಗೆ ಎಳೆಸಿದನು. ಅಂದಿನಿಂದ ತವರಿನವರು ಯಾವ ಹಬ್ಬಕ್ಕೆ ಸೇರಿದರೂ ಹೋಳಿಗೆಯೊಡನೆ ಈ ಮಾತನ್ನೂ ಬಡಿಸುತ್ತಿದ್ದರು. ಅಣ್ಣನ ಮಾತಂತೂ ಊರಿನಲ್ಲಿ ಪ್ರಸಿದ್ಧವಾಗಿತ್ತು: “ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳ ಸಲ ಕೇಳತೈತಿ. ವಕೀಲಸಾಹೇಬ್ರ ಮೋಟಾರಿಗಿ ಏಳ ಸಲ ಹ್ಯಾಂಡಲ್ ತಿರುವಿದ್ರ ಒಮ್ಮೆ ಕೂಗತೈತಿ.”

ಗಾಡಿಯು ಲಜ್ಜೆಯಿಂದ ತಿಕೋಟಾದಲ್ಲಿದ್ದ ವಕೀಲರ ಹಿರಿಯರ ಮನೆಯ ದನದ ಕೊಟ್ಟಿಗೆಯನ್ನು ಸೇರಿ ಅಲ್ಲಿಯೇ ಮುದಿಯಾಯಿತು. ಯುದ್ಧಕಾಲದಲ್ಲಿ ಹಳೆಯ ಕಬ್ಬಿಣಕ್ಕೆ ಬೇಡಿಕೆ ಬಂದಾಗ ವಕೀಲರಿಗೆ ಅದರ ನೆನಪಾಯಿತು. ಮಾರಬೇಕೆಂದು ತರಿಸಿದರು; ಅಂಗಳದಲ್ಲಿ ಕಂಡೊಡನೆ ಮನಸ್ಸು ಕರಗಿ, ನಡೆಯಿಸಬೇಕೆಂದರು. ಅದೇ ವೇಳೆಗೆ ಬಬಲೇಶ್ವರದಲ್ಲಿ ಹೆಂಡತಿಯ ಅಣ್ಣನ ಮಗಳಿಗೆ ಕುಬಸದ ಕಾರ್ಯ ಗೊತ್ತಾಯಿತು. ಚೊಚ್ಚಲ ಬಸುರಿಗೆ ಹಸಿರು ಕುಬಸ, ಎಂದರೆ ರವಿಕೆ, ತೊಡಿಸಿ ಉಡಿ ತುಂಬುವ ಆ ಕಾರ್ಯಕ್ಕೆ ಸೋದರತ್ತೆಯು ಹೋಗಲೇಬೇಕು. ವಕೀಲರ ಶ್ರೀಮತಿಯವರು ನನ್ನೆದುರಿಗೇ ತೀರ್ಪಿತ್ತರು:

“ಈ ಕುಬಸಕ್ಕ ನಿಮ್ಮ ಮೋಟಾರಿನ್ಯಾಗ ಬರತೇನಿ. ಆದರ ಅದಕ್ಕ ಎತ್ತು ಹಚ್ಚೂ ಪ್ರಸಂಗ ಬಂತಂದ್ರ ನಾ ಅಲ್ಲೇ ಇಳದ ನಡಕೋತ ಹೋಗತೇನಿ. ಮರುದಿನ ಅದು ಮೋಡಕಾ ಬಜಾರಕ್ಕ ಹೋಗಬೇಕು.”

ಮೋಡಕಾ ಬಜಾರವೆಂದರೆ ನಮ್ಮೂರ ಗುಜರಿಯ ಪೇಟೆ. ವಕೀಲರು ಒಪ್ಪಿದರು. ಅವರು ಕೋರ್ಟಿನಲ್ಲಿ ಎಂದೂ ಅಷ್ಟು ಬೇಗನೆ ಒಪ್ಪಿದವರಲ್ಲ.

ವಾಲಿ

ಗೋಳಗುಮ್ಮಟದ ದಾರಿಯಲ್ಲಿ ಪಂಪು, ಗಿರಣಿಗಳನ್ನು ರಿಪೇರಿ ಮಾಡುತ್ತಿದ್ದ ಒಬ್ಬ ಮಿಸ್ತ್ರಿ ಇದ್ದನು. ತನಗೆ ತಿಳಿಯದ್ದು ಯಂತ್ರಲೋಕದಲ್ಲಿ ಇಲ್ಲವೆಂದು ಅವನು ಹೇಳುತ್ತಿದ್ದನು. ತಿಳಿಯದ್ದನ್ನು ಕಂಡಾಗ ಅದಕ್ಕೆ ಯಂತ್ರವೆಂಬ ಹೆಸರನ್ನೇ ಅಲ್ಲಗಳೆಯುತ್ತಿದ್ದನು. ಅವನು ಎಂಜಿನ್ನಿನ ಮುಚ್ಚಳ ತೆಗೆದು ಇಣುಕಿ, ತಲೆಯಾಡಿಸಿ ನುಡಿದನು:

“ಸಾಹೇಬ್ರ, ವಾಲಿ ಸುಟ್ಟಾವ. ಹೊಸಾವು ತರಸ್ರಿ.”

ಇಂಗ್ಲಿಷರ ವಾಲ್ವ್ ಎಂಬ ಶಬ್ದವು ಅವನ ನಾಲಗೆಯಲ್ಲಿ ಹೀಗೆ ತದ್ಭವವಾಗಿತ್ತು. ಅದನ್ನು ಕೇಳಿ ನಾನು ಕಿಷ್ಕಿಂಧೆಯನ್ನು ನೆನೆದೆ. ಒಳಗೆ ಅಕ್ಕಿ ಆರಿಸುತ್ತಿದ್ದ ಶ್ರೀಮತಿಯವರು ತಮ್ಮ ಕಿವಿಗಳನ್ನು ನೆನೆದರು, ಏಕೆಂದರೆ ನಮ್ಮ ಕಡೆ ಕಿವಿಯ ಓಲೆಗೂ ವಾಲಿಯೆಂದೇ ಹೆಸರು.

ಯುದ್ಧದಿಂದಾಗಿ ಮುಂಬಯಿಯಿಂದ ಏನೂ ಬರುತ್ತಿರಲಿಲ್ಲ. ವಕೀಲರು ಸೊಲ್ಲಾಪುರಕ್ಕೆ ಹೊರಟಿದ್ದ ಕಕ್ಷಿದಾರನೊಬ್ಬನನ್ನು ಪಡಸಾಲೆಯಲ್ಲಿ ಕುಳ್ಳಿರಿಸಿ, “ವಾಲಿ ಚಲೋ ಇರಬೇಕ ನೋಡಪಾ. ಹಳೇವು ಇದ್ರೂ ಅಡ್ಡಿಯಿಲ್ಲ, ಜೋಡಿ ಸರಿ ಇರಬೇಕು,” ಎಂದರು. ಆ ಸಂಜೆ ಅವರ ಮನೆಯಲ್ಲಿ ಕಾರಣವಿಲ್ಲದೆ ಹೋಳಿಗೆಯಾಯಿತು. ಮರುದಿನ ಎಣ್ಣೆಗಾಯಿ ಬದನೆ. ವಕೀಲರು ನನ್ನನ್ನು ಮೂಲೆಗೆ ಕರೆದು, “ಮಾಸ್ತರ, ಮನ್ಯಾಗ ಏನೋ ಬದಲಾಗೇದ. ನನಗ ಅಂಜಿಕಿ ಬರಾಕತ್ತೈತಿ,” ಎಂದರು.

ಕಕ್ಷಿದಾರನು ಸೊಲ್ಲಾಪುರದಿಂದ ಬಂದು ಪೊಟ್ಟಣವನ್ನು ಶ್ರೀಮತಿಯವರ ಕೈಗೇ ಕೊಟ್ಟನು. ಅವರು ಅದನ್ನು ದೇವರ ಮುಂದಿಟ್ಟು ಬಿಚ್ಚಿದರು. ಒಳಗಿದ್ದುವು ಗೇಣುದ್ದದ ದಂಟು, ತುದಿಯಲ್ಲಿ ಅಣಬೆಯಂಥ ತಲೆಯುಳ್ಳ ಉಕ್ಕಿನ ಮೊಳೆಗಳು. ಒಂದನ್ನು ಎತ್ತಿ ಕಿವಿಯ ಬಳಿ ಹಿಡಿದು ಕನ್ನಡಿಯಲ್ಲಿ ನೋಡಿಕೊಂಡು, ಮೆಲ್ಲನೆ ಕೆಳಗಿಟ್ಟು, ಪಡಸಾಲೆಗೆ ಬಂದರು.

“ಏನಿವು?”

“ವಾಲಿ. ಎಂಜಿನ್ನಿನ್ಯಾಗ ಕೂಡತಾವು.”

“ಕೂತು ಏನ ಮಾಡತಾವು?”

“ಬಾಯಿ ತೆರೀತಾವು, ಮುಚ್ಚತಾವು. ದಿನವೆಲ್ಲಾ ಅದ ಅವುಗಳ ಕೆಲಸ.”

“ಅಷ್ಟ ಕೆಲಸಕ್ಕ ನೀವ ಇದ್ರಲ್ಲಾ,” ಎಂದರು ಶ್ರೀಮತಿಯವರು, “ಸೊಲ್ಲಾಪುರದಿಂದ ಯಾಕ ತರಿಸಿದ್ರಿ?”

ಅತ್ತಿಯ ಕುಟ್ಟಾಣಿ

ವಾಲಿಗಳು ಕುಳಿತವು. ಆದರೆ ನಾಲ್ಕು ಪಿಸ್ಟನ್ನುಗಳಿರಬೇಕಾದಲ್ಲಿ ಮೂರೇ ಇದ್ದುವು. ಕೊಟ್ಟಿಗೆಯಲ್ಲಿ ಬಿದ್ದಿದ್ದ ಕಾಲದಲ್ಲಿ ಎಂಜಿನ್ನನ್ನು ಯಾರೋ ಬಿಚ್ಚಿದ್ದರು. ಬಿಚ್ಚಿದ್ದು ಎಲ್ಲಿ ಹೋಯಿತೆಂಬುದನ್ನು ತಿಳಿಯಲು ನಾನೂ ವಕೀಲರೂ ತಿಕೋಟಾಕ್ಕೆ ಹೋದೆವು.

ಅಲ್ಲಿಯ ಮನೆಯಲ್ಲಿ ವಕೀಲರ ಸೋದರತ್ತೆ ಇದ್ದರು. ಹಲ್ಲುಗಳೆಲ್ಲ ಹೋಗಿದ್ದರೂ ಎಲೆಯಡಿಕೆ ಹೋಗಿರಲಿಲ್ಲ. ನಾವು ಹೋದಾಗ ಕಟ್ಟೆಯ ಮೇಲೆ ಕುಳಿತು, ಕಬ್ಬಿಣದ ದಪ್ಪ ಲೋಟದಂಥದೊಂದರಲ್ಲಿ ಅಡಿಕೆ ಕುಟ್ಟುತ್ತಿದ್ದರು. ವಕೀಲರು ಅದನ್ನು ನೋಡಿದರು. ನಮಸ್ಕಾರಕ್ಕೆಂದು ಬಾಗಿದವರು ಬಾಗಿಯೇ ಉಳಿದರು.

“ಅತ್ತೀ, ಈ ಕುಟ್ಟಾಣಿ ಎಲ್ಲಿಂದ ಬಂತು?”

“ದನದ ಮನ್ಯಾಗ ಬಿದ್ದಿತ್ತು. ತಿಕ್ಕಿ ತೊಳದ ಇಟಗೊಂಡೇನಿ. ಯಾಕ, ನಿನ್ನ ಹಲ್ಲೂ ಹೋದುವೇನ?”

“ಅದು ನಮ್ಮ ಮೋಟಾರಿನ ಪಿಸ್ಟನ್. ಅದಿಲ್ಲದ ಗಾಡಿ ನಡಿಯೂದಿಲ್ಲ.”

“ಇದಿಲ್ಲದ ನನ್ನ ಬಾಯಿ ನಡಿಯೂದಿಲ್ಲ.”

ವಕೀಲರು ವಿಜಾಪುರದಿಂದ ಹಿತ್ತಾಳೆಯದೊಂದು ಕುಟ್ಟಾಣಿ ತಂದುಕೊಟ್ಟರು. ಅತ್ತೆಯವರು ಅದನ್ನು ಒಮ್ಮೆ ಕುಟ್ಟಿ, ಕಿವಿಗೊಟ್ಟು ಕೇಳಿ, “ಇದು ಗುಡಿ ಗಂಟಿ. ಅಡಿಕಿ ಕುಟ್ಟಿದ್ರ ಮಂದಿ ಆರತಿಗೆ ಬರತಾರ,” ಎಂದು ತಿರುಗಿಸಿಕೊಟ್ಟರು. ಕಲ್ಲಿನದನ್ನು ತಂದರು. “ಇದರಾಗ ಅಡಿಕಿಗಿಂತಾ ಮೊದಲ ಕಲ್ಲ ಪುಡಿ ಆಕ್ಕೈತಿ,” ಎಂದರು. ವಕೀಲರು ಕಡೆಗೆ ಪಿತ್ರಾರ್ಜಿತ ಆಸ್ತಿಯ ಕಾಯಿದೆಯನ್ನು ವಿವರಿಸಹೊರಟರು. ಅತ್ತೆಯವರು ಕುಟ್ಟುವುದನ್ನು ನಿಲ್ಲಿಸಲಿಲ್ಲ. ಸದ್ದಿನಲ್ಲಿ ಕಾಯಿದೆ ಕೇಳಿಸಲಿಲ್ಲ.

ಆಗ ನಾನು ಬಬಲೇಶ್ವರದ ಮಾತನ್ನೂ, ಎತ್ತಿನ ಕಥೆಯನ್ನೂ, ಶ್ರೀಮತಿಯವರ ಶಪಥವನ್ನೂ ಹೇಳಿದೆ. ಕುಟ್ಟುವ ಕೈ ನಿಂತಿತು.

“ಆ ಊರಾನವರು ಇನ್ನೂ ನಗತಾರೇನ?”

“ನಗತಾರ, ಅತ್ತಿ,” ಎಂದರು ವಕೀಲರು.

ಅತ್ತೆಯವರು ಪುಡಿಯನ್ನು ಅಂಗೈಗೆ ಸುರಿದುಕೊಂಡು, ಪಿಸ್ಟನ್ನನ್ನು ಸೆರಗಿನಿಂದ ಒರೆಸಿ, ಸೋದರಳಿಯನ ಕೈಗಿತ್ತರು.

“ಒಯ್ಯಿ. ನಿನ್ನ ಗಾಡಿಗೂ ನನ್ನಂಗ ಹಲ್ಲಿಲ್ಲ ಅಂತ ತಿಳೀತೇನಿ. ಕುಬಸಾ ಮುಗದ ಮ್ಯಾಲ ತಿರುಗಿ ತಂದ ಕೊಡು. ಮತ್ತ ಅದಕ್ಕ ಹೇಳು, ಎಲಿ ಹಾಕ್ಕೊಂಡ ಎಲ್ಲೆಂದರಲ್ಲಿ ಉಗುಳಬಾರದು.”

ಸೀಳಿದ ಜಾಕೀಟು

ಆದರೆ ಅದು ಉಗುಳಿತು. ಪಿಸ್ಟನ್ನುಗಳನ್ನು ಕೂಡಿಸಿ, ಎಂಜಿನ್ನಿಗೆ ನೀರು ತುಂಬಿದೊಡನೆ, ಅದರ ಪಕ್ಕೆಯಿಂದ ತುಕ್ಕು ಬೆರೆತ ಕೆಂಪು ನೀರು ಚಿಮ್ಮಿ ಬೆಳ್ಳಗೆ ಸುಣ್ಣ ಬಳಿದಿದ್ದ ಗೋಡೆಯ ಮೇಲೆ ಬಿದ್ದಿತು. ಅತ್ತೆಯವರು ಅಲ್ಲಿದ್ದಿದ್ದರೆ ತಮ್ಮ ಉಗುಳೆಂದೇ ಗುರುತಿಸುತ್ತಿದ್ದರು.

ಮಿಸ್ತ್ರಿಯು ಬೆರಳಾಡಿಸಿ ನೋಡಿದನು. ಎಂಜಿನ್ನಿನ ಸುತ್ತ ನೀರು ನಿಲ್ಲುವ ಹೊರಪೊರೆಗೆ ಮಿಸ್ತ್ರಿಗಳ ಭಾಷೆಯಲ್ಲಿ ಜಾಕೀಟೆಂದು ಹೆಸರಂತೆ.

“ಸಾಹೇಬ್ರ, ಉಂಗುರಾ ಎಲ್ಲಾ ಸರಿ ಕೂತಾವ,” ಎಂದನು, ಪಿಸ್ಟನ್ನಿನ ಬಳೆಗಳನ್ನು ಕುರಿತು. “ಜಾಕೀಟ ಸೀಳೇದ. ತಾಮ್ರದ ತಗಡಿಂದ ತ್ಯಾಪಿ ಹಾಕಬೇಕು.”

ಶ್ರೀಮತಿಯವರು ಬಾಗಿಲಲ್ಲಿ ನಿಂತು ಗೋಡೆಯನ್ನೂ, ಮೋಟಾರನ್ನೂ, ಗಂಡನನ್ನೂ ಕ್ರಮವಾಗಿ ನೋಡಿದರು.

“ವಾಲಿ ಆದುವು. ಉಂಗುರಾ ಆದುವು. ಈಗ ಕುಬಸಾನೂ ಬೇಕಾತೇನ ಆಕಿಗಿ?” ಎಂದರು. “ಹಂಗಾದ್ರ ಬಬಲೇಶ್ವರಕ್ಕ ಹೋಗೂದ ಬ್ಯಾಡ. ಈಕಿದ ಇಲ್ಲೇ ಮಾಡಿ ಉಡಿ ತುಂಬೂಣ.”

ಜುಮ್ಮಿನ ಪೆಟ್ಟಿಗೆ

ತೇಪೆ ಬಿದ್ದಿತು, ನೀರು ನಿಂತಿತು. ಇನ್ನು ಬೇಕಾದುದು ಕಿಡಿ. ಕೈಯಿಂದ ತಿರುಗಿಸಿದರೆ ಮಿಂಚು ಹುಟ್ಟಿಸುವ, ಕುದುರೆಲಾಳದಂಥ ಅಯಸ್ಕಾಂತಗಳುಳ್ಳ ಮ್ಯಾಗ್ನೆಟೊ ಎಂಬ ಪೆಟ್ಟಿಗೆಯೊಂದು ಎಂಜಿನ್ನಿನ ಬದಿಯಲ್ಲಿರಬೇಕಾಗಿತ್ತು. ಆ ಜಾಗದಲ್ಲಿ ಗುಬ್ಬಿಯ ಗೂಡು ಇದ್ದಿತು. ಸೊಲ್ಲಾಪುರದಲ್ಲಿಯೂ ಅದು ಸಿಕ್ಕಲಿಲ್ಲ. ಕುಬಸದ ದಿನ ಹತ್ತಿರವಾಗಿ, ವಕೀಲರು ಮೋಡಕಾ ಬಜಾರದ ದಾರಿಯನ್ನೇ ಬಿಟ್ಟು ಸುತ್ತು ಹಾಕಿ ಕೋರ್ಟಿಗೆ ಹೋಗತೊಡಗಿದರು.

ಅಷ್ಟರಲ್ಲಿ ಹಾಲು ತರುವವಳೊಬ್ಬಳು, ಬಬಲೇಶ್ವರದಲ್ಲಿ ನಾಟಿವೈದ್ಯನೊಬ್ಬನು ಒಂದು ಪೆಟ್ಟಿಗೆಯನ್ನು ತಿರುಗಿಸಿ ಮೊಣಕಾಲಿನ ವಾಯುವನ್ನು ಓಡಿಸುತ್ತಾನೆಂದು ಸುದ್ದಿ ಹೇಳಿದಳು. “ತಂತಿ ಹಿಡಕೊಂಡ್ರ ಜುಮ್ ಅಂತೈತಿ. ಕುಂಟಕೋತ ಹೋದಾವ ಓಡಕೋತ ಬರತಾನ,” ಎಂದಳು. ವಕೀಲರು ಅಂದೇ ನನ್ನನ್ನು ಕರೆದುಕೊಂಡು ಹೊರಟರು. ಹೆಂಡತಿಯ ತವರಿನವರ ಕಣ್ಣಿಗೆ ಬೀಳದಂತೆ ಹಿಂದಿನ ಓಣಿಯಿಂದ ವೈದ್ಯನ ಮನೆಯನ್ನು ಹೊಕ್ಕೆವು.

ಪೆಟ್ಟಿಗೆಯು ಕೆಂಪು ವಸ್ತ್ರದ ಮೇಲೆ, ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದಿತು. ತಿಕೋಟಾದ ಕೊಟ್ಟಿಗೆಯ ಆಳಿನಿಂದ ಬಂದ ವಸ್ತುವೆಂದು ವೈದ್ಯನೇ ಹೇಳಿದನು. ಆದರೆ ಅದು ಇನ್ನೂ ಕಿಡಿ ಕೊಡುವುದೋ ಇಲ್ಲವೋ ಎಂಬುದನ್ನು ತಿಳಿಯಬೇಕಾಗಿತ್ತು.

“ಬ್ಯಾನಿ ಯಾರಿಗೈತ್ರಿ?” ಎಂದು ವೈದ್ಯನು ಕೇಳಿದನು.

“ಮಾಸ್ತರಿಗೆ,” ಎಂದರು ವಕೀಲರು.

ನಾನು ಪ್ರತಿಭಟಿಸಲು ಸಮರ್ಪಕವಾದ ವಾಕ್ಯವನ್ನು ರಚಿಸಿಕೊಳ್ಳುತ್ತಿರುವಾಗಲೇ ವೈದ್ಯನು ತಂತಿಗಳನ್ನು ನನ್ನ ಕೈಯಲ್ಲಿಟ್ಟು ಹಿಡಿಕೆಯನ್ನು ತಿರುವಿದನು. ನನ್ನ ಅಂಗಾಲಿನಿಂದ ಹೊರಟದ್ದು ನೆತ್ತಿಯನ್ನು ಮುಟ್ಟಿತು. ಅಷ್ಟು ವರ್ಷ ಅಭ್ಯಾಸ ಮಾಡಿದ ಗ್ರಂಥಭಾಷೆಯು ಒಂದು ನಿಮಿಷ ನನ್ನನ್ನು ತೊರೆಯಿತು. ನನ್ನ ಬಾಯಿಂದ ಹೊರಟ ಮಾತನ್ನು ನಾನು ಬಾಲ್ಯದ ಬಳಿಕ ಆಡಿರಲಿಲ್ಲ. ಇಲ್ಲಿ ಬರೆಯುವಂತೆಯೂ ಇಲ್ಲ.

ವಕೀಲರು ಆನಂದದಿಂದ ಪೆಟ್ಟಿಗೆಯನ್ನು ತಡವಿದರು. “ಜೀವ ಐತಿ,” ಎಂದರು. “ಗಟ್ಟಿ ಜೀವ ಐತಿ.”

ವೈದ್ಯನು ನನ್ನ ಕಡೆ ನೋಡಿ ಸಮಾಧಾನಪಡಿಸಿದನು: “ಹೌದರಿ, ಇನ್ನೂ ಬಾಳ ದಿನ ಇರತಾರ್ರಿ ಮಾಸ್ತರು.”

ಕುಬಸದವರೆಗೆ ಕೊಟ್ಟಿರಬೇಕೆಂದು ಬೇಡಿದಾಗ ವೈದ್ಯನು ಒಪ್ಪಿದನು. ಆದರೆ ಒಂದು ಮಾತು ಹೇಳಿದನು: “ಇಲ್ಲಿ ಮತ್ತೊಂದು ತಂತಿ ಇತ್ರಿ. ಅದು ಕಬ್ಬಿಣಕ್ಕ ತಾಗಿದ್ರ ಜುಮ್ಮ ನಿಂತ ಬಿಡತಿತ್ತು. ಅದನ್ನ ಕಿತ್ತು, ಗಿಳಿ ಪಂಜರದ ಬಾಗಲಕ್ಕ ಕಟ್ಟೇನಿ.”

ವಿಜಾಪುರಕ್ಕೆ ಬಂದ ಮರುದಿನ ನಾನು ತಂತಿಯ ಈ ಮಾತನ್ನು ಮಿಸ್ತ್ರಿಗೆ ಹೇಳಿದೆ. ಅವನು ಅಷ್ಟರಲ್ಲಿ ಪೆಟ್ಟಿಗೆಯನ್ನು ಕೂಡಿಸಿ ಎಂಜಿನ್ನನ್ನು ಹಲವು ಸಲ ಹೊರಡಿಸಿದ್ದನು. ಅದು ಪ್ರತಿಸಲವೂ ಗುಡುಗಿ, ಓಣಿಯ ನಾಯಿಗಳನ್ನೆಬ್ಬಿಸಿ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ನಿಲ್ಲುತ್ತಿತ್ತು.

“ಅದು ಎಂಜಿನ್ ನಿಂದರಸೂ ತಂತಿ ಮಾಸ್ತರ,” ಎಂದು ಮಿಸ್ತ್ರಿಯು ನಕ್ಕನು. “ನಡಸಾಕ ಏನ ಬೇಕ ಅದನ್ನ ಹೇಳ್ರಿ. ನಿಂದರಾಕ ನಮ್ಮ ಗಾಡಿಗಿ ಯಾರ ಸಹಾಯಾನೂ ಬೇಕಾಗಿಲ್ಲ.”

ಹಣಮಪ್ಪನ ಪ್ರದಕ್ಷಿಣೆ

ಕುಬಸದ ದಿನ ಬಂದಿತು. ವಕೀಲರು ಚಾಲಕರು, ಪಕ್ಕದಲ್ಲಿ ಮಿಸ್ತ್ರಿ, ಹಿಂದೆ ಹಸಿರು ಕುಬಸ, ಬಳೆ, ಉಡಿಯಕ್ಕಿಗಳ ಬುಟ್ಟಿಯೊಡನೆ ಶ್ರೀಮತಿಯವರು, ಬುಟ್ಟಿಯ ಆಚೆಗೆ ನಾನು. ಮಿತವಾಗಿ ಸಿಕ್ಕುತ್ತಿದ್ದ ಪೆಟ್ರೋಲಿನ ಒಂದು ಹನಿಯೂ ಸೋರದಿರಲೆಂದು ಮಿಸ್ತ್ರಿಯು ಅದರ ತೋಟಿಯನ್ನು, ಎಂದರೆ ನಲ್ಲಿಯನ್ನು, ಸಾಬೂನಿನಿಂದ ಮೆತ್ತಿ ಅರಿವೆಯಿಂದ ಬಿಗಿದಿದ್ದನು. ಎಂಜಿನ್ನಿಗೂ ಗಾಲಿಗೂ ಇರುವ ಸಂಬಂಧವನ್ನು ಕಾಲಿನಿಂದ ಒತ್ತಿ ಬಿಡಿಸುವ ಕ್ಲಚ್ಚಿಗೆ, ಚಪ್ಪಲಿಯ ಚರ್ಮವನ್ನು ಔಡಲೆಣ್ಣೆಯಲ್ಲಿ ನೆನೆಸಿ ಹೊದಿಸಿದ್ದನು.

ಗಾಡಿಯು ನಡೆಯಿತು. ಗುಡಿಯ ಮುಂದೆ ನಿಲ್ಲಲಿಲ್ಲ, ಏರಿನಲ್ಲಿ ನಿಲ್ಲಲಿಲ್ಲ, ಕರಿಯ ಹೊಲಗಳ ನಡುವಣ ಧೂಳಿನಲ್ಲಿಯೂ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಶ್ರೀಮತಿಯವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಬಬಲೇಶ್ವರದ ಅಗಸಿಯ ಮುಂದೆ ಅವರ ಅಣ್ಣನು ಬಂಧುಗಳೊಡನೆ ನಿಂತಿದ್ದನು. ಪಕ್ಕದಲ್ಲಿ, ಕೊಂಬಿಗೆ ಬಣ್ಣ ಬಳಿದು, ಹಗ್ಗದ ಸಹಿತ ಸಿದ್ಧಪಡಿಸಿದ ಜೋಡೆತ್ತುಗಳು. ವಕೀಲರು ಎತ್ತುಗಳನ್ನು ನೋಡಿ ಮೀಸೆ ತಿರುವಿ, ಗಾಡಿಯನ್ನು ಸಣ್ಣ ಗೇರಿಗೆ ತಂದು ಊರೊಳಗೆ ಹೊಗಿಸಿದರು.

ಮನೆಯ ಮುಂದೆ ಬಂದಾಗ ಕ್ಲಚ್ಚನ್ನು ಒತ್ತಿದರು. ಗಾಡಿಯು ಮುಂದೆ ಹೋಯಿತು. ಬಿಸಿಲಿಗೆ ಚರ್ಮವು ಅಂಟಿಕೊಂಡಿತ್ತು. ಗಾಲಿಗಳು ಎಂಜಿನ್ನನ್ನು ಬಿಡಲೊಲ್ಲವು. ಬ್ರೇಕನ್ನು ತುಳಿದರು. ಗಾಡಿಯು ಮನುಷ್ಯರ ನಡಿಗೆಯ ವೇಗಕ್ಕೆ ಇಳಿಯಿತೇ ಹೊರತು ನಿಲ್ಲಲಿಲ್ಲ. ಮಿಸ್ತ್ರಿಯು ಪೆಟ್ರೋಲಿನ ತೋಟಿಗೆ ಕೈ ಹಾಕಿದನು. ಅವನ ಸಾಬೂನು ಕಲ್ಲಾಗಿತ್ತು. ನಿಲ್ಲಿಸುವ ತಂತಿಯು ಅದೇ ಊರಿನಲ್ಲಿ ಗಿಳಿಯನ್ನು ಕಾಯುತ್ತಿತ್ತು. ಅದುವರೆಗೆ ತಾನಾಗಿ ನಿಲ್ಲುತ್ತಿದ್ದ ಎಂಜಿನ್ನಿಗೆ ಅಂದೇ ಆರೋಗ್ಯ ಬಂದಿತ್ತು.

ಮುಂದೆ ಹಣಮಪ್ಪನ ಗುಡಿ. ಅದರ ಸುತ್ತ ಅಗಲವಾದ ಬಯಲು. ವಕೀಲರಿಗೆ ತಿರುಗುವುದಲ್ಲದೆ ಬೇರೆ ಉಪಾಯ ತೋಚಲಿಲ್ಲ. ಶ್ರೀಮತಿಯವರು ದೇವರು ಕಂಡಾಗಲೆಲ್ಲ ಕೈಮುಗಿದರು. ಜನ ಕಟ್ಟೆಗಳ ಮೇಲೆ ಸೇರಿ, ಹರಕೆಯಿರಬೇಕೆಂದು ಭಕ್ತಿಯಿಂದ ನೋಡಿದರು. ಅಣ್ಣನು ಗುಡಿಯ ಬಾಗಿಲಲ್ಲಿ ನಿಂತನು. ಒಂದೊಂದು ಸುತ್ತಿಗೆ ಒಂದೊಂದು ಮಾತು ಸಾಗಿತು.

“ಬರ್ರಿ ವಕೀಲಸಾಹೇಬ್ರ, ಇಳೀರಿ.”

ವಕೀಲರು ಮುಂದಿನ ಸುತ್ತಿನಲ್ಲಿ ಉತ್ತರ ಕೊಟ್ಟರು: “ಬರತೇನ್ರಿ. ದೇವರ ದರ್ಶನ ಆಗಲಿ.”

“ದರ್ಶನ ಆತಲ್ರಿ. ಊಟಕ್ಕ ಎಲಿ ಹಾಕ್ಯಾರ.”

“ಹಾಕಿರ್ಲಿ.”

“ಸಾರು ಆರಾಕತ್ತೈತ್ರಿ.”

ಈ ಸಲ ಉತ್ತರ ಕೊಟ್ಟವರು ಶ್ರೀಮತಿಯವರು: “ಅಣ್ಣಾ, ಇದು ನಿಂದರವಲ್ದು.”

ಅಣ್ಣನು ಮುಂದಿನ ಸುತ್ತಿನಲ್ಲಿ ಗಾಡಿಯ ಬದಿಗೆ ನಡೆಯುತ್ತ ಅದರ ಗಾಲಿಗಳನ್ನು ನೋಡಿದನು. ಇಷ್ಟು ವರ್ಷ ಆ ಗಾಡಿಯನ್ನು ಕುರಿತು ಅವನು ಕಟ್ಟಿದ್ದ ಮಾತುಗಳೆಲ್ಲ ಅದು ನಡೆಯುವುದಿಲ್ಲವೆಂಬುದರ ಮೇಲೆ ನಿಂತಿದ್ದವು. ಬಳಿಕ ಅಗಸಿಯ ಕಡೆಗೆ ಕೂಗಿದನು: “ಲೇ, ಎತ್ತು ತರ್ರಿ.”

ವಕೀಲರ ಮುಖ ಬಾಡಿದುದು ಹಿಂದೆ ಕುಳಿತ ನನಗೆ ಅವರ ಕಿವಿಗಳಿಂದಲೇ ತಿಳಿಯಿತು. ಎತ್ತುಗಳು ಬಂದವು. ಮೆಲ್ಲನೆ ಸಾಗುತ್ತಿದ್ದ ಗಾಡಿಯ ಹಿಂದಿನ ಅಚ್ಚಿಗೆ ಅಣ್ಣನೇ ಬಾಗಿ ಹಗ್ಗ ಬಿಗಿದನು. ಎತ್ತುಗಳನ್ನು ಹಿಂದುಮುಂದಾಗಿ ತಿರುಗಿಸಿ ಹೊಡೆದರು. ಅವು ಗೊರಸೂರಿ ಆಚೆಗೆ ಜಗ್ಗಿದವು. ಎಂಜಿನ್ನು ಈಚೆಗೆ ಜಗ್ಗಿತು. ತುಸು ಹೊತ್ತು ನಾವು ಆಚೆಗೂ ಇಲ್ಲ, ಈಚೆಗೂ ಇಲ್ಲ. ಕಡೆಗೆ ಎಂಜಿನ್ನು ಒಮ್ಮೆ ನಡುಗಿ, ಒಮ್ಮೆ ಸೀನಿ, ಮೌನವಾಯಿತು.

ಊರೆಲ್ಲ ಶ್ರೀಮತಿಯವರ ಕಡೆ ನೋಡಿತು. ಹಾಲು ತರುವವಳ ಬಾಯಿಂದ ಅವರ ಶಪಥವು ಅಲ್ಲಿ ಎಲ್ಲರಿಗೂ ತಿಳಿದಿತ್ತು. ವಕೀಲರು ತಿರುಗಿ ನೋಡದೆ, ಮೋಡಕಾ ಬಜಾರವನ್ನೇ ಎದುರಿಗೆ ಕಂಡವರಂತೆ ಕುಳಿತಿದ್ದರು. ಅಣ್ಣನು ಬೆವರೊರಸಿಕೊಂಡು, “ಹ್ಯಾಂಗ ತಂಗಿ, ಮತ್ತ ಎತ್ತ ಹಚ್ಚಬೇಕಾತಲ್ಲ?” ಎಂದನು.

ಶ್ರೀಮತಿಯವರು ಇಳಿಯಲಿಲ್ಲ. ಸೆರಗನ್ನು ಸರಿಪಡಿಸಿಕೊಂಡರು.

“ಅವತ್ತ ಎತ್ತ ಮುಂದ ಹಚ್ಚಿದ್ರಿ, ಬರಾಕ ಆಗಲಿಲ್ಲ ಅಂತ. ಅದು ಅವಮಾನ. ಇವತ್ತ ಹಿಂದ ಹಚ್ಚಿದ್ರಿ, ಬಿಟ್ಟ ಹೋಗತಾರ ಅಂತ. ಮನಿ ಅಳಿಯಾರನ್ನ ಹಿಂಗ ಜಗ್ಗಿ ಹಿಡದ ನಿಲ್ಲಸೂದ ತವರಿನವರ ಮರ್ಯಾದಿ. ನಾ ಯಾಕ ಇಳದ ನಡೀಲಿ? ಮನೀತನಕ ನೂಕ್ರಿ.”

ಇಷ್ಟು ವರ್ಷದ ವಕೀಲಿಯಲ್ಲಿ ಅಂಥ ವಾದವನ್ನು ತಾವು ಮಂಡಿಸಿರಲಿಲ್ಲವೆಂದು ವಕೀಲರು ಅನಂತರ ನನ್ನೊಡನೆ ಹೇಳಿದರು. ಬಬಲೇಶ್ವರದವರು ಗಾಡಿಯನ್ನು ಮನೆಯವರೆಗೆ ನೂಕಿದರು. ನೂಕುವವರಲ್ಲಿ ಮೊದಲಿಗನು ಅಣ್ಣನೇ.

ಕುಬಸ ಮುಗಿಯಿತು, ಊಟವಾಯಿತು. ಹೊರಡುವ ಹೊತ್ತಿಗೆ ಅಣ್ಣನು ಎತ್ತುಗಳನ್ನು ಹಿಡಿದುಕೊಂಡು ಬಂದು, ನಗೆಯಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬ ಕುತೂಹಲದಿಂದ ಕೇಳಿದನು: “ತಂಗಿ, ಈಗ ಎಲ್ಲಿ ಹಚ್ಚಲಿ? ಮುಂದೋ, ಹಿಂದೋ?”

“ಎರಡೂ ಕಡೆ ಒಂದೊಂದ ಹಚ್ಚು ಅಣ್ಣಾ,” ಎಂದರು ಶ್ರೀಮತಿಯವರು. “ವಕೀಲರ ಗಾಡಿ. ಯಾವಾಗ ಯಾರ ಕಡೆ ನಿಂತು ವಾದಾ ಮಾಡತೈತೋ ಹೇಳಾಕ ಬರೂದಿಲ್ಲ.”